ಉತ್ತರಕ್ಕೆ ಬಿಟ್ಟ ಜಾಗ

ಏ ಡಾಕ್ಟ್ರಮ್ಮಾ, ನಿನ್ನ ಪಾಠದೊಳಗೆ ಇನ್ಯಾರೋ ಇದ್ದಾರಲ್ಲೇ, ಅನ್ನುತ್ತಾಳೆ ಬೆಡ್‌ಶೀಟ್ ಮಡಚುವ ಅಕ್ಕ, ಪರೀಕ್ಷೆಗೆ ಓದುತ್ತೇನೆಂದು ನನಗೆ ಆ ಹೆಸರಿಟ್ಟವಳು, ನನ್ನ ಎಡಗಿವಿಯಿಂದ ಕಿತ್ತುಕೊಂಡ ಇಯರ್‌ಫೋನು ಇನ್ನೂ ಅವಳ ಕಿವಿಯಲ್ಲೇ, ನಗುತ್ತಿಲ್ಲ, ಯಾವಾಗಲೂ ನಗುವವಳು — ಇದ್ರೆ ಇರ್ಲಿ ಬಿಡಕ್ಕಾ, ಅವ್ರೂ ಪರೀಕ್ಷೆ ಬರೀಲಿ, ಅಂದು ಶೀಟಿನ ಅಂಚನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಕೊಡುತ್ತೇನೆ, ಉರುಳೆ ಎಳೆದುಕೊಳ್ಳುತ್ತದೆ, ಆಸ್ಪತ್ರೆಯ ಮುನ್ನೂರು ಮಂಚಕ್ಕೆ ಮುನ್ನೂರು ಶೀಟು, ಒಂದು ಶೀಟು ಆ ಕಡೆ ಹೋಗಿ ಬೀಳುವಷ್ಟರಲ್ಲಿ ಒಂದು ಪ್ರಶ್ನೆ ಒಂದು ಉತ್ತರ, ಇದು ನಾನೇ ಕಂಡುಕೊಂಡ ದಾರಿ, ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ, ಕೂತು ಓದಲು ಹೊತ್ತೆಲ್ಲಿದೆ, ಕೈಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ, ಕಿವಿಯೊಂದು ಪುಕ್ಕಟೆ ಕೂತಿದೆ, ಅದನ್ನಾದರೂ ದುಡಿಸೋಣ ಅಂತ — ಬೆಳಗ್ಗೆ ಐದಕ್ಕೆ ಎದ್ದು ಒಲೆಯ ಮೇಲೆ ಅನ್ನಕ್ಕಿಟ್ಟು, ಹಬೆ ತಾಗದಿರಲೆಂದು ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಬೆನ್ನ ಹಿಂದಿನ ಮೇಜಿನ ತುದಿಗಿಟ್ಟು, ಗೋಡೆ ಕಡೆ ಮುಖ ಮಾಡಿ ಪುಸ್ತಕದಿಂದ ಗಟ್ಟಿಯಾಗಿ ಓದುತ್ತೇನೆ, ಪ್ರಶ್ನೆ: ಮಣಿಕಟ್ಟು ಸೇರಿ ಒಂದು ಹಸ್ತದಲ್ಲಿ ಎಷ್ಟು ಮೂಳೆಗಳಿವೆ, ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ, ಆ ಜಾಗ ನನಗೆ, ಹಗಲಲ್ಲಿ ಕೇಳಿಸಿಕೊಳ್ಳುವಾಗ ನಾನು ಉತ್ತರ ಹೇಳಲಿಕ್ಕೆ, ಆಮೇಲೆ ಉತ್ತರ: ಇಪ್ಪತ್ತೇಳು. ಸೋಮವಾರ ಪರೀಕ್ಷೆ, ಪಾಸಾದರೆ ಈ ಹಬೆಯಿಂದ ಮೇಲಕ್ಕೆ, ವಾರ್ಡಿನ ಸಹಾಯಕಿ, ಒಂದೇ ಪಾಳಿ, ಕೂಸು ಶಾಲೆಯಿಂದ ಬರುವಷ್ಟರಲ್ಲಿ ನಾನೂ ಮನೆಯಲ್ಲಿ, ಆರು ವರ್ಷವಾಯಿತು ಅವಳಿಗೆ, ಅವಳಿಗಾಗಿಯೇ ಅಲ್ಲವೇ ಇದೆಲ್ಲ, ದಿನಾ ಅವಳು ಏಳುವ ಮೊದಲೇ ಹೊರಡುವವಳು ನಾನು, ಎಬ್ಬಿಸಿ ತಲೆ ಬಾಚಿ ಕಳಿಸುವವರು ಪಕ್ಕದ ಮನೆಯ ಅಜ್ಜಿ. ಊಟದ ಹೊತ್ತಿಗೆ ಯಂತ್ರ ನಿಲ್ಲುತ್ತದೆ, ನಿಂತರೂ ನನ್ನ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲುವುದಿಲ್ಲ, ಇಷ್ಟು ವರ್ಷ ಅದರ ಪಕ್ಕ ನಿಂತು ಕಿವಿಯೂ ಹಳೇ ಶೀಟಿನ ಹಾಗೆ ಸವೆದಿದೆ, ಸದ್ದು ಪೂರ್ತಿ ಏರಿಸಿ ಎರಡೂ ಕಿವಿ ಅಂಗೈಯಿಂದ ಒತ್ತಿಕೊಂಡು ಕೂರುತ್ತೇನೆ — ನನ್ನ ದನಿ, ಪ್ರಶ್ನೆ, ಆಮೇಲೆ ಖಾಲಿ, ಖಾಲಿಯಲ್ಲ, ಉಸಿರು, ನನ್ನದಲ್ಲ, ಹತ್ತಿರದ್ದು, ಫೋನಿಗೇ ತುಟಿ ತಾಗಿಸಿದಷ್ಟು ಹತ್ತಿರದ್ದು, ಅಮ್ಮಾ ಬಾಯಾರಿಕೆ. ಉತ್ತರ: ಇಪ್ಪತ್ತೇಳು. ಪ್ರಶ್ನೆ: ದೇಹದ ಅತಿ ಉದ್ದದ ಮೂಳೆ ಯಾವುದು, ಅಮ್ಮಾ ಕೆಟ್ಟ ಕನಸು ಬಿತ್ತು, ಉತ್ತರ: ತೊಡೆಯ ಮೂಳೆ. ಹಳೆಯದಕ್ಕೆ ಹೋಗುತ್ತೇನೆ, ಹೋದ ತಿಂಗಳಿನದು, ಅದರಲ್ಲೂ ಇದ್ದಾಳೆ, ಪ್ರಶ್ನೆ: ರೋಗಿಗೆ ಜ್ವರ ಬಂದಿದೆಯೆಂಬ ಅನುಮಾನವಾದರೆ ಮೊದಲು ಏನು ಮಾಡಬೇಕು, ಅಮ್ಮಾ ಮೈ ಸುಡ್ತಿದೆ ಮುಟ್ಟಿ ನೋಡು, ಉತ್ತರ: ತಾಪ ಅಳೆದು ಬರೆದಿಡಬೇಕು — ಅಯ್ಯೋ, ಆವತ್ತು ಸಂಜೆ ಅಜ್ಜಿ ಹೇಳಿದ್ದರು, ಮಗೂಗೆ ಬೆಳಗ್ಗಿಂದ ಜ್ವರ ಕಣಮ್ಮಾ ಅಂತ, ಬೆಳಗ್ಗೆ ಚೆನ್ನಾಗಿದ್ಳಲ್ಲಾ ಅಂದಿದ್ದೆನಲ್ಲ ನಾನು, ಎಷ್ಟು ಧೈರ್ಯವಾಗಿ ಅಂದಿದ್ದೆ. ಈ ಪಾಠವನ್ನು ಇಪ್ಪತ್ತು ಸಲವಾದರೂ ಕೇಳಿದ್ದೇನೆ, ಪ್ರತಿ ಸಲವೂ ಸರಿಯಾಗಿ ಆ ಜಾಗದಲ್ಲಿ ನಾನೇ ಉತ್ತರ ಹೇಳಿ ಅವಳ ಮಾತಿನ ಮೇಲೆ ಮಾತು ಹೇರಿದ್ದೇನೆ, ಉತ್ತರ ಸರಿ ಬಂತೆಂದು ಹಿಗ್ಗಿದ್ದೇನೆ. ಮನೇಲಿ ಗಾಳಿಗೀಳಿ ಏನಾದ್ರೂ ಇದೆಯೇನೇ, ಅಂತ ಅಕ್ಕ, ಪಿಸುದನಿಯಲ್ಲಿ. ಇಲ್ಲಕ್ಕಾ, ನನ್ ಮಗಳು. ಮಗಳಾದ್ರೆ ಯಾಕೇ ಹಿಂಗ್ ಊಟ ಬಿಟ್ಟು ಕೂತಿದ್ದೀಯ. ಆಮೇಲಿನ ಶೀಟುಗಳೆಲ್ಲ ಪ್ರಶ್ನೆಯಿಲ್ಲದೆ ಹೋಗುತ್ತವೆ, ಬೆಳ್ಳಗೆ, ಒಂದರ ಹಿಂದೊಂದು, ಬಸ್ಸಿನ ಕಿಟಕಿ, ಮೆಟ್ಟಿಲು, ಬಾಗಿಲು, ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಪೆನ್ಸಿಲ್ ಕೆತ್ತುತ್ತಿದ್ದಾಳೆ. ಕೂಸೇ, ಬೆಳಗ್ಗೆ ನಾನು ಓದುವಾಗ ಎದ್ದು ಬರ್ತೀಯಾ. ಹೂಂ. ದಿನಾನಾ. ಹೂಂ, ಮೇಜಿನ ಕೆಳಗೆ ಇರ್ತೀನಿ, ನೀನು ಬಟ್ಟೆ ಹಾಕ್ಕೊಳಕ್ಕೆ ಹೋದಾಗ ವಾಪಸ್ ಮಲಕ್ಕೋತೀನಿ. ನನ್ನ ಕೂಗೋದಲ್ವಾ. ನೀನೇ ಹೇಳಿದ್ದು, ಫೋನಲ್ಲಿ ಕೆಂಪು ಚುಕ್ಕೆ ಇದ್ದಾಗ ಸದ್ದು ಮಾಡ್ಬಾರ್ದು ಅಂತ. ಮತ್ತೆ ಮಾತಾಡಿದ್ದೀಯಲ್ಲೇ ಬಂಗಾರೀ. ಪೆನ್ಸಿಲ್ ನಿಲ್ಲುತ್ತದೆ, ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡುತ್ತಾಳೆ, ನೀನು ಏನೋ ಕೇಳಿ ಸುಮ್ಮನಾಗ್ತೀಯಲ್ಲಮ್ಮಾ, ಅದು ನಂಗೆ ಬಿಟ್ಟಿದ್ದಲ್ವಾ, ಮೆಲ್ಲಗೇ ಹೇಳ್ತೀನಿ, ನಿಂಗೆ ತೊಂದ್ರೆ ಆಗದ ಹಾಗೆ. ಈಗ ಹೇಳು ಕಂದಾ, ಪಾಠ ಇಲ್ಲ, ಏನೂ ಇಲ್ಲ, ಏನು ಬೇಕಾದ್ರೂ ಹೇಳು, ಎಷ್ಟೊತ್ತು ಬೇಕಾದ್ರೂ. ಈಗ ನೀನೇ ಮಾತಾಡ್ತಿದ್ದೀಯಲ್ಲ. ಬಾಯಿ ಮುಚ್ಚುತ್ತೇನೆ, ನೆಲಕ್ಕೆ ಕೂರುತ್ತೇನೆ, ಅವಳು ಮಂಡಿಯ ಮೇಲೆ ತೆವಳಿ ಬಂದು ನನ್ನೆದುರು ಕೂತು, ನಾನು ಇನ್ನೇನಾದರೂ ಅಂದೇನೋ ಎಂದು ಕಾದು, ಬೆಳಗಿನ ಹಾಗೇ ಮೆಲ್ಲಗೆ ಶುರು ಮಾಡುತ್ತಾಳೆ, ತುಟಿ ಅಲುಗುತ್ತದೆ, ಹುಬ್ಬು ಗಂಟಿಕ್ಕಿ, ಏನೋ ದೊಡ್ಡ ಸಂಗತಿ, ನಡುವೆ ಕಣ್ಣು ತುಂಬುವಂಥ ಸಂಗತಿ — ಕೇಳಿಸುತ್ತಿಲ್ಲ, ಗುಂಯ್ ಅನ್ನುವುದೊಂದೇ, ಬಾಗುತ್ತೇನೆ, ಇನ್ನೂ ಬಾಗುತ್ತೇನೆ, ಉಸಿರು ಕೆನ್ನೆಗೆ ಬಿಸಿಯಾಗಿ ತಾಗುತ್ತಿದೆ, ಮಾತಿಲ್ಲ, ಗಟ್ಟಿಯಾಗಿ ಹೇಳು ಅನ್ನಬೇಕು, ಅಂದರೆ ನಿಲ್ಲಿಸಿಬಿಡುತ್ತಾಳೆ, ತುಟಿ ಅಲುಗುತ್ತಿದೆ, ನನ್ನ ಕೈ ನನ್ನನ್ನು ಕೇಳದೆ ಫೋನನ್ನು ಎತ್ತಿ, ಕೆಂಪು ಚುಕ್ಕೆ ಒತ್ತಿ, ಆ ತುಟಿಯ ಹತ್ತಿರ ಹಿಡಿಯುತ್ತದೆ, ತುಟಿ ಅಲುಗುತ್ತಿದೆ