ಗೆರೆ ಎಳೆಯದ ಕಾಲಂ

"ಈ ಮೂರನೇ ಸ್ಲೇಟು ಯಾರದೇ?"

ಅತ್ತೆ ಪೊರಕೆ ಹಿಡಿದು ನಡುಮನೆಯ ಮಧ್ಯೆ ನಿಂತಿದ್ದರು. ಕಿಟಕಿಯ ಕೆಳಗೆ ಎರಡು ಚಾಪೆ, ಎರಡು ಸ್ಲೇಟು ಇರಬೇಕಾಗಿದ್ದ ಕಡೆ ಮೂರು ಚಾಪೆ, ಮೂರು ಸ್ಲೇಟು ಇದ್ದವು. ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಮುಂದೆ ಪೆನ್ಸಿಲ್ ಕಚ್ಚಿಕೊಂಡು ನಿಂತಿದ್ದ ಸೊಸೆ ತಿರುಗಿಯೂ ನೋಡಲಿಲ್ಲ.

"ಅಟ್ಟದ ಮೇಲಿತ್ತಲ್ಲ ಅತ್ತೆ, ಹಳೇದು. ಮಕ್ಕಳು ಇಳಿಸ್ಕೊಂಡಿರ್ತಾರೆ."

"ಇಳಿಸ್ಕೊಂಡಿದ್ದು ಕಂಡೆ. ಬರೆದೋರು ಯಾರು ಅಂತ ಕೇಳಿದ್ದು. ನಾನಂತೂ ಮಗ್ಗಿ ಕಲಿತೋಳಲ್ಲ."

ಆಗ ಅವಳು ಬಂದು ನೋಡಿದಳು. ಏಳರ ಮಗ್ಗಿ. ಏಳೊಂದ್ಲ ಏಳರಿಂದ ಏಳಾರ್ಲ ನಲವತ್ತೆರಡರ ತನಕ ಆರು ಸಾಲು, ಆಮೇಲೆ ಸ್ಲೇಟು ಖಾಲಿ. ಪ್ರತಿ ಸಾಲಿನ ಮೇಲೂ ಬಿಳಿ ಮಬ್ಬು ಹರಡಿತ್ತು, ಬರೆಯುತ್ತಾ ಹೋದ ಕೈಯೇ ಬರೆದದ್ದನ್ನು ಒರೆಸುತ್ತಾ ಹೋದ ಹಾಗೆ. ಎಡಗೈಯಲ್ಲಿ ಬರೆದರೆ ಹಾಗಾಗುತ್ತದೆ. ಅವಳ ಮಕ್ಕಳಿಬ್ಬರೂ ಬಲಗೈಯವರು.

ಒಂಬತ್ತು ವರ್ಷದ ದೊಡ್ಡವಳು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಳು. ಆರು ವರ್ಷದ ಚಿಕ್ಕವನು ಬಾಗಿಲಲ್ಲಿ ಇರುವೆ ಎಣಿಸುತ್ತಿದ್ದ. ಅಮ್ಮ ಇಬ್ಬರ ಅಂಗೈಯನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಬಳಪದ ಪುಡಿಯಿರಲಿಲ್ಲ.

ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಅವಳಿಗೆ ಪಾಳಿ ಅಕ್ಕ ಎಂದೇ ಹೆಸರು. ಹನ್ನೊಂದು ವರ್ಷದಿಂದ ಪಾಳಿಪಟ್ಟಿ ಬರೆಯುವುದು ಅವಳ ಕೆಲಸ. ಯಾರು ಯಾವ ಮಷಿನ್ನಿಗೆ, ಯಾವ ಹೊತ್ತಿಗೆ, ಯಾರ ಬದಲಿಗೆ ಯಾರು, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಗಂಡ ದೂರದ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಕ್ಕಳನ್ನು ಶಾಲೆ ಬಿಡಿಸಿದ ಮೇಲೆ ಅವಳು ಮಧ್ಯಾಹ್ನದ ಪಾಳಿ ಕೇಳಿ ಪಡೆದಿದ್ದಳು. ಬೆಳಿಗ್ಗೆಯೆಲ್ಲ ಪಾಠ, ಎರಡಕ್ಕೆ ಕಾರ್ಖಾನೆ.

ಮನೆಯಲ್ಲಿ ಕಲಿಸಬೇಕಾದರೆ ಶಿಕ್ಷಣ ಕಚೇರಿಯ ಒಪ್ಪಿಗೆ ಬೇಕು. ಯಾವ ಪುಸ್ತಕ, ಯಾವ ಹೊತ್ತು, ಎಷ್ಟು ನಿಮಿಷ ಎಂದು ಬರೆದು ಕೊಡಬೇಕು. ಮೂರು ತಿಂಗಳಾದ ಮೇಲೆ ಒಬ್ಬ ಅಧಿಕಾರಿ ಬಂದು ನೋಡಿ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಮಕ್ಕಳು ಮತ್ತೆ ಅದೇ ಶಾಲೆಗೆ, ಅದೇ ಮೆಟ್ಟಿಲಿನ ಪಕ್ಕ ಹಾದು ಅದೇ ತರಗತಿಗೆ.

ಪುಸ್ತಕ ಆರಿಸುವುದಕ್ಕೇ ಹದಿನೈದು ದಿನ ಹಿಡಿದಿತ್ತು. ಬಣ್ಣದ ಪೆಟ್ಟಿಗೆಯಲ್ಲಿ ಬಂದ ಕಂಪನಿ ಪುಸ್ತಕಗಳ ಮೇಲೆ ಕರಡಿಯೊಂದು ಹಲ್ಲು ಕಿರಿಯುತ್ತಿತ್ತು. ಒಳಗೆ ಪುಟಕ್ಕೊಂದು ನಕ್ಷತ್ರ, ಸುಮ್ಮನೆ ಕೂತ ಮಗುವಿಗೆ ಎರಡು. "ಸುಮ್ಮನೆ ಕೂರೋದನ್ನ ಕಲಿಸೋಕೆ ಪುಸ್ತಕ ಬೇರೆ ಬೇಕಾ?" ಎಂದು ಅವಳು ಪೆಟ್ಟಿಗೆಯನ್ನು ವಾಪಸ್ಸು ಕಳಿಸಿದಳು. ಗ್ರಂಥಾಲಯದವರು ರದ್ದಿಗೆ ಹಾಕಿದ್ದರಲ್ಲಿ ಹಳೆಯ ಪುಸ್ತಕಗಳ ಒಂದು ಕಟ್ಟು ಸಿಕ್ಕಿತು. ಎಲೆ ಬಿಡಿಸು, ನೀರು ಅಳೆ, ನೆರಳು ಯಾಕೆ ಉದ್ದವಾಯಿತು ಹೇಳು. ಅದು ಅವಳಿಗೆ ಹಿಡಿಸಿತು. ಲೆಕ್ಕಕ್ಕೆ ಮಾತ್ರ ಶಾಲೆಯ ಪುಸ್ತಕವೇ ಇರಲಿ ಎಂದು ದೊಡ್ಡವಳು ಹಟ ಹಿಡಿದಳು.

"ಎಲ್ಲಿಂದ ಶುರು ಮಾಡೋಣ?"

"ಏಳರ ಮಗ್ಗಿಯಿಂದ. ಅಲ್ಲಿಗೇ ನಿಂತಿತ್ತಮ್ಮ."

ವೇಳಾಪಟ್ಟಿಗೆ ಅವಳು ಕಾರ್ಖಾನೆಯ ಪಾಳಿ ಹಾಳೆಯನ್ನೇ ತಂದಳು. ಮೊದಲು ನಲವತ್ತು ನಿಮಿಷದ ಪಾಠಗಳನ್ನಿಟ್ಟು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಳು. ಹನ್ನೆರಡನೇ ನಿಮಿಷಕ್ಕೆ ಚಿಕ್ಕವನು ಮೇಜಿನ ಕೆಳಗಿದ್ದ.

"ಮಕ್ಕಳೋ, ಬಾಟಲಿಗಳೋ? ಮುಚ್ಚಳ ಹಾಕಿ ಸಾಲಾಗಿ ಕಳಿಸೋಕೆ?" ಎಂದು ಅತ್ತೆ ಅಡುಗೆಮನೆಯಿಂದಲೇ ಚುಚ್ಚಿದರು. ಅವಳಿಗೆ ನಗು ಬಂತು. ಚಿಕ್ಕವನಿಗೆ ಹತ್ತು, ದೊಡ್ಡವಳಿಗೆ ಇಪ್ಪತ್ತು ನಿಮಿಷವೆಂದು ತಿದ್ದಿದಳು. ಹನ್ನೊಂದಕ್ಕೆ ಎಲ್ಲರೂ ಕೂಡಿ ಮಗ್ಗಿ.

ಪಾಳಿ ಹಾಳೆಯಲ್ಲಿ ಮೂರು ಕಾಲಂ ಅಚ್ಚಾಗಿರುತ್ತದೆ. ಕಾರ್ಖಾನೆಯಲ್ಲಿ ಕಾಲಂ ಖಾಲಿ ಬಿಡುವ ಹಾಗಿಲ್ಲ. ಆಳಿಲ್ಲದ ಕಾಲಂಗೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆಯಬೇಕು. ಗೆರೆಯಿಲ್ಲದಿದ್ದರೆ ಆಳು ಬರಲಿದ್ದಾನೆ ಎಂದೇ ಅರ್ಥ, ಮಷಿನ್ ನಿಲ್ಲಿಸಿಕೊಂಡು ಕಾಯುತ್ತಾರೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಗೆರೆ ಮರೆಯದವಳು ಮನೆಯ ಪಟ್ಟಿಯಲ್ಲಿ ಮರೆತಿದ್ದಳು. ಮೊದಲ ಕಾಲಂ ದೊಡ್ಡವಳಿಗೆ, ಎರಡನೆಯದು ಚಿಕ್ಕವನಿಗೆ. ಮೂರನೆಯದು ಗೋಡೆಯ ಮೇಲೆ ಬೆಳ್ಳಗೆ ಹಾಗೇ ಇತ್ತು.

ಮರುದಿನ ಹನ್ನೊಂದಕ್ಕೆ ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು.

"ಎಂಟೊಂದ್ಲ ಎಂಟು," ಎಂದಳು ದೊಡ್ಡವಳು.

"ಎಂಟೊಂದ್ಲ ಎಂಟು," ಎಂದ ಚಿಕ್ಕವನು.

ಆಮೇಲೆ ಇಬ್ಬರೂ ಸುಮ್ಮನಾದರು. ಖಾಲಿ ಚಾಪೆಯ ಕಡೆ ಕತ್ತು ವಾಲಿಸಿ, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ. ಮತ್ತೆ ದೊಡ್ಡವಳು, "ಎಂಟೆರಡ್ಲ ಹದಿನಾರು."

ಕೈ ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿತು. ನಾಲ್ಕು ಸೆಕೆಂಡು. ಮುಂದಿನ ಸಾಲಿಗೂ ನಾಲ್ಕು. ಅದರ ಮುಂದಿನದಕ್ಕೂ ನಾಲ್ಕೇ. ದೊಡ್ಡವರಿಗೇ ಅಷ್ಟು ಕರಾರುವಾಕ್ಕಾಗಿ ಸುಮ್ಮನಿರಲು ಬರುವುದಿಲ್ಲ.

"ಯಾಕೋ ನಿಲ್ಲಿಸ್ತೀರಿ?"

"ಅವಳದು ಆಗಲಿ, ತಡಿ ಅಮ್ಮ," ಎಂದ ಚಿಕ್ಕವನು, ನೀರು ಕುಡಿದಷ್ಟು ಸಲೀಸಾಗಿ. "ಅವಳಿಗೆ ಎಂಟರದ್ದು ಬರಲ್ಲ. ಏಳರದ್ದೇ ಹೇಳ್ತಾಳೆ. ಅದೂ ಪೂರ್ತಿ ಬರಲ್ಲ."

ಯಾರ ಮಾತೆಂದು ಅವಳಿಗೆ ಹೊಳೆಯಿತು. ದೊಡ್ಡವಳು ನೆಲ ನೋಡುತ್ತಿದ್ದಳು.

ದೊಡ್ಡವಳ ಬೆಂಚಿನಲ್ಲಿ ಕೂರುತ್ತಿದ್ದವಳನ್ನು ಶಾಲೆಯಲ್ಲಿ ಎಲ್ಲರೂ ಎಡಚಿ ಎನ್ನುತ್ತಿದ್ದರು. ಮಕ್ಕಳು ಪ್ರೀತಿಗೆ, ಟೀಚರು ಸಿಟ್ಟಿಗೆ. ಅದೇ ಶಾಲೆಯ ಕಸ ಗುಡಿಸುವವಳ ಮಗಳು. ಒಂದು ಶನಿವಾರ ಅವಳು ಹಾಜರಿ ಕರೆದು ಮುಗಿದ ಮೇಲೆ ಬಂದಳು. ರಿಜಿಸ್ಟರಿನಲ್ಲಿ ಆಗಲೇ ಗೈರು ಬಿದ್ದಿತ್ತು. ಬಗ್ಗಿಕೊಂಡು ಬಂದು ಬೆಂಚಿಗೆ ಸೇರಿ, ಎಡಗೈಯಲ್ಲಿ ಏಳರ ಮಗ್ಗಿ ಬರೆಯತೊಡಗಿದಳು. ಏಳಾರ್ಲ ನಲವತ್ತೆರಡು ಬರೆದಾಗ ಟೀಚರ ಕಣ್ಣಿಗೆ ಬಿದ್ದಳು. ತಡವಾಗಿ ಬಂದದ್ದಕ್ಕೊಂದು, ಎಡಗೈಗೊಂದು, ಎರಡೂ ಸೇರಿಸಿ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಗೆ ದೂಡಿ ಚಿಲಕ ಹಾಕಿದರು. ಮಧ್ಯಾಹ್ನ ಶಾಲೆ ಬಿಟ್ಟಿತು. ಟೀಚರು ಮರೆತು ಮನೆಗೆ ಹೋದರು, ಅವಳನ್ನು ಬಿಟ್ಟಿರುತ್ತಾರೆ ಎಂದುಕೊಂಡು ಮಕ್ಕಳೂ ಹೋದರು.

ಸಂಜೆ ತಾಯಿ ಬಂದು ಕೇಳಿದಾಗ ಗುಮಾಸ್ತ ರಿಜಿಸ್ಟರು ತೆಗೆದು ತೋರಿಸಿದ. "ಬಂದೇ ಇಲ್ಲಮ್ಮ ನಿನ್ನ ಮಗಳು." ಆ ಹೆಂಗಸು ಅದೇ ಮೆಟ್ಟಿಲು ಗುಡಿಸಿ, ಪೊರಕೆ ಬಾಗಿಲ ಮೂಲೆಗಿಟ್ಟು, ಮಗಳನ್ನು ಹುಡುಕಲು ಓಡಿದಳು. ಎರಡು ದಿನ ಊರಿಗೆ ಊರೇ ಹುಡುಕಿತು, ಶಾಲೆಯೊಂದನ್ನು ಬಿಟ್ಟು. ಬರೆದಿಟ್ಟದ್ದನ್ನು ಯಾರು ಅನುಮಾನಿಸುತ್ತಾರೆ? ಸೋಮವಾರ ಹೊಸ ಪೊರಕೆ ತೆಗೆಯಲು ತಾಯಿಯೇ ಆ ಕೋಣೆಯ ಬಾಗಿಲು ತೆಗೆದಳು. ಒಳಗೆ ಮಗುವಿಗೆ ಉಸಿರಿರಲಿಲ್ಲ.

ವಿಚಾರಣೆಯೂ ನಡೆಯಿತು. ಮಗು ಶನಿವಾರ ಸಂಜೆ ಆಟಕ್ಕೆಂದು ತಾನೇ ಒಳಗೆ ನುಗ್ಗಿ ಸಿಕ್ಕಿಕೊಂಡಿತು ಎಂದಾಯಿತು. ಅವಳು ಬೆಳಿಗ್ಗೆಯೇ ಬಂದಿದ್ದಳು, ನನ್ನ ಪಕ್ಕ ಕೂತಿದ್ದಳು ಎಂದು ದೊಡ್ಡವಳು ಒಬ್ಬಳೇ ಎದ್ದು ಹೇಳಿದಳು. ಮುಖ್ಯೋಪಾಧ್ಯಾಯಿನಿ ಅವಳ ಗಲ್ಲ ತಟ್ಟಿ, "ಪಾಪ, ಗಾಬರಿಗೆ ಏನೇನೋ ಹೇಳ್ತಿದೆ" ಎಂದರು. ಉಳಿದ ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದರು. ಅಂದೇ ಪಾಳಿ ಅಕ್ಕ ಮಕ್ಕಳನ್ನು ಬಿಡಿಸಿದ್ದು.

ಮೂರನೇ ಸ್ಲೇಟು ಕಂಡ ಮೇಲೆ ಹದಿನೈದು ದಿನ ಹಾಗೇ ಕಳೆಯಿತು. ದೊಡ್ಡವಳು ಎಂಟು ಮುಗಿಸಿ ಒಂಬತ್ತಕ್ಕೆ ಹೋದಳು. ಚಿಕ್ಕವನು ಎರಡರ ಮಗ್ಗಿಯನ್ನು ಹಾಡು ಮಾಡಿಕೊಂಡು ತಿರುಗಿದ. ಮೂರನೇ ಸ್ಲೇಟನ್ನು ಅವಳು ದಿನಾ ಒದ್ದೆ ಬಟ್ಟೆಯಿಂದ ಒರೆಸಿ ಅಟ್ಟಕ್ಕೆ ಹಾಕುತ್ತಿದ್ದಳು. ಮರುದಿನ ಮಗ್ಗಿಯ ಹೊತ್ತು ಮುಗಿದ ಮೇಲೆ ಅದು ಕಿಟಕಿಯ ಕೆಳಗೇ ಇರುತ್ತಿತ್ತು, ಆರು ಸಾಲು, ಮೇಲೆ ಮಬ್ಬು. ಒಂದು ದಿನ ದೊಡ್ಡವಳಿಗೆ ಎಡಗೈಯಲ್ಲಿ ಬಳಪ ಕೊಟ್ಟು ಏಳು ಬರೆಸಿದಳು. ಕೋಳಿ ಕೆದರಿದ ಹಾಗೆ ಬಂತು. ಸ್ಲೇಟಿನ ಮೇಲಿನದು ದುಂಡಗಿನ ಅಕ್ಷರ.

"ನೀನೇನಾ ಬರೆಯೋದು? ನಿಜ ಹೇಳು. ಬೈಯಲ್ಲ."

"ಶಾಲೇಲೂ ಹೀಗೇ ಕೇಳಿದ್ರಮ್ಮ," ಎಂದಳು ಮಗಳು. ಅಮ್ಮ ಅವಳ ಕೈಯಿಂದ ಬಳಪ ತೆಗೆದಿಟ್ಟಳು.

ವಿಚಿತ್ರವೆಂದರೆ ಅತ್ತೆ ಬಾಯಿ ಮಾಡುವುದನ್ನು ಬಿಟ್ಟಿದ್ದು. ಒಂದು ಬೆಳಿಗ್ಗೆ ನೋಡಿದರೆ ಅವರೇ ಮೂರನೇ ಚಾಪೆಯನ್ನು ಕೊಡವಿ ಹಾಸುತ್ತಿದ್ದರು. "ನೋಡ್ತೀಯೇನೇ? ಕಿಟಕಿ ಹತ್ತಿರ ನೆಲ ಥಂಡಿ. ಅದಕ್ಕೆ," ಎಂದು ಗದರಿಕೊಂಡರು, ಏನೂ ಕೇಳದ ಸೊಸೆಯ ಮೇಲೆ.

ಅಧಿಕಾರಿ ಬಂದದ್ದು ಗುರುವಾರ, ಹತ್ತೂವರೆಗೆ. ಚರ್ಮದ ಚೀಲ, ಉಜ್ಜಿ ಉಜ್ಜಿ ತೆಳ್ಳಗಾದ ಚಪ್ಪಲಿ, ಮೆತ್ತನೆಯ ಮಾತು. ಪುಸ್ತಕಗಳನ್ನು ಮಗುಚಿದರು, ದೊಡ್ಡವಳಿಗೆ ನೆರಳಿನ ಪ್ರಶ್ನೆ ಕೇಳಿ ಉತ್ತರಕ್ಕೆ ತಲೆದೂಗಿದರು, ಚಿಕ್ಕವನ ಹಾಡಿಗೆ ನಕ್ಕರು. ಕಡತ ತೆಗೆದು, "ಮೂರು ಮಕ್ಕಳು, ಅಲ್ವಾ?" ಎಂದರು.

"ಇಬ್ಬರು."

ಅವರು ಕತ್ತೆತ್ತಿ ಚಾಪೆಗಳನ್ನು ನೋಡಿದರು, ವೇಳಾಪಟ್ಟಿ ನೋಡಿದರು. ಎದ್ದು ಹೋಗಿ ಮೂರನೇ ಸ್ಲೇಟು ಎತ್ತಿಕೊಂಡರು. ಅಂದು ಮಗ್ಗಿಯ ಹೊತ್ತು ಇನ್ನೂ ಬಂದಿರಲಿಲ್ಲ. ಆದರೂ ಆರು ಸಾಲು ಬರೆದಾಗಿತ್ತು.

"ಎಡಗೈಲಿ ಬರೆದಿದ್ದು ಇದು," ಎಂದರು ಮೆಲ್ಲಗೆ. "ನನಗೆ ಗೊತ್ತಾಗುತ್ತೆ. ನಂದೂ ಎಡವೇ ಇತ್ತು. ಬಡಿದು ಬಡಿದು ಬಲ ಮಾಡಿದ್ರು." ಸ್ಲೇಟನ್ನು ಮಗು ಮಲಗಿಸಿದ ಹಾಗೆ ಚಾಪೆಯ ಮೇಲಿಟ್ಟು ಬಂದು ಕೂತರು. ನೀರಿನ ಲೋಟಕ್ಕೆ ಚಾಚಿದ್ದು ಎಡಗೈಯೇ. ತಕ್ಷಣ ಕೈ ಬದಲಾಯಿಸಿದರು.

"ನೋಡಮ್ಮ, ಪಾಠ ಚೆನ್ನಾಗಿದೆ. ಶಾಲೆಗಿಂತ ಚೆನ್ನಾಗಿದೆ ಅಂತ ಬೇಕಾದ್ರೂ ಹೇಳ್ತೀನಿ, ಬರೆಯೋಕಾಗಲ್ಲ ಅಷ್ಟೆ. ನೀವು ಎರಡು ಕೆಲಸ ಮಾಡಿ. ಆ ಮೂರನೇ ಕಾಲಂಗೆ ಗೆರೆ ಎಳೀರಿ. ಇಲ್ಲದಿದ್ರೆ ಮೇಲಿನವರು ಅದ್ಯಾರು ಅಂತ ಕೇಳ್ತಾರೆ. ಇಲ್ಲಿ, ಶಾಲೆ ಬಿಡಿಸಿದ ಕಾರಣ ಅಂತ ಇದೆಯಲ್ಲ, ಸ್ವಂತ ಕಾರಣ ಅಂತ ಬರೀರಿ. ಎರಡೇ ಪದ. ನಾನೀಗಲೇ ಸಹಿ ಹಾಕಿ ಎದ್ದೆ."

"ಎಳೆಯದಿದ್ರೆ?"

"ಸೋಮವಾರದಿಂದ ಮಕ್ಕಳು ಶಾಲೇಲಿರಬೇಕು. ಕರ್ಕೊಂಡು ಹೋಗೋಕೆ ಜನ ಬರ್ತಾರೆ. ನಾನು ಕೆಟ್ಟವನಲ್ಲಮ್ಮ. ನನ್ನ ಕೈಲಿರೋದು ಇಷ್ಟೇ."

ಇಂಥವರನ್ನು ಅವಳು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಂಡಿದ್ದಳು. ಯಾರೂ ಕೆಟ್ಟವರಲ್ಲ. ಚಿಲಕ ಹಾಕಿದವರು ಮರೆತಿದ್ದರು ಅಷ್ಟೆ, ಗುಮಾಸ್ತ ಇದ್ದದ್ದನ್ನು ಓದಿದ್ದ ಅಷ್ಟೆ, ವಿಚಾರಣೆಯವರು ರಿಜಿಸ್ಟರು ನೋಡಿದ್ದರು ಅಷ್ಟೆ. ಎಲ್ಲ ಒಳ್ಳೆಯವರೂ ಸೇರಿ ಒಂದು ಮಗುವಿಗೆ ಗೈರು ಹಾಕಿದ್ದರು.

ಅವಳು ಕೆಂಪು ಪೆನ್ಸಿಲ್ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಬೆನ್ನ ಹಿಂದೆ ಇಬ್ಬರು ಮಕ್ಕಳೂ ಎದ್ದು ನಿಂತರು. ಒಂದು ಗೆರೆ. ಎಳೆದರೆ ಇವರಿಬ್ಬರು ತನ್ನ ಕಣ್ಣೆದುರೇ ಇರುತ್ತಾರೆ. ಸಾವಿರಾರು ಸಲ ಎಳೆದ ಗೆರೆ, ಕೈ ತಾನಾಗಿ ಮೂಲೆಗೆ ಹೋಯಿತು.

"ಅಮ್ಮ," ಎಂದಳು ದೊಡ್ಡವಳು. "ಅವಳು ಬಂದಿದ್ದಳು."

"ಗೊತ್ತು ಕಣೇ."

ಮೂರನೇ ಕಾಲಂನ ತುದಿಯಲ್ಲಿ ಅವಳು ಆ ಶನಿವಾರದ ತಾರೀಖು ಬರೆದಳು. ಅದರ ಕೆಳಗೆ, ಪಾಳಿಪಟ್ಟಿಯ ಸ್ಪಷ್ಟ ಅಕ್ಷರದಲ್ಲಿ, ಹಾಜರು. ಪಕ್ಕದಲ್ಲಿ ತನ್ನ ಸಹಿ. ಆಮೇಲೆ ಬಂದು ಅರ್ಜಿಯ ಕಾರಣದ ಜಾಗದಲ್ಲಿ, ಆ ದಿನ ಬೆಳಿಗ್ಗೆ ತರಗತಿಗೆ ಬಂದಿದ್ದ ಮಗುವನ್ನು ಕೋಣೆಯಲ್ಲಿ ಕೂಡಿಹಾಕಿದರು, ಕಂಡಿದ್ದನ್ನು ಹೇಳಿದ ನನ್ನ ಮಗಳನ್ನು ಸುಳ್ಳಿ ಮಾಡಿದರು ಎಂದು ಬರೆದಳು. ಜಾಗ ಸಾಲದೆ ಅಂಚಿಗೂ ಬರೆದಳು.

ಅಧಿಕಾರಿ ಎರಡು ಸಲ ಓದಿದರು. ಪೆನ್ನಿಗೆ ಮುಚ್ಚಳ ಹಾಕಿದರು. "ಹಾಗಾದ್ರೆ ನಾನು ಸಹಿ ಹಾಕೋಕಾಗಲ್ಲ."

"ಗೊತ್ತು. ಆದರೆ ಈ ಹಾಳೆ ಕಡತದಲ್ಲಿರುತ್ತಲ್ಲ?"

"ಇರುತ್ತೆ," ಎಂದರು ಅವರು, ಕಡತದ ದಾರ ಕಟ್ಟುತ್ತಾ. "ತೆಗೆಯೋಕೆ ನನಗೆ ಅಧಿಕಾರವಿಲ್ಲ."

"ಸೋಮವಾರ ಬರ್ಲಿ ನೋಡ್ಕೋತೀನಿ," ಎಂದು ಅತ್ತೆ ಬಾಗಿಲಿಗೆ ಅಡ್ಡ ಪೊರಕೆ ಇಟ್ಟು, ಮತ್ತೆ ತೆಗೆದು ಅವರಿಗೆ ದಾರಿ ಬಿಟ್ಟರು. ಅವರು ಮೆಟ್ಟಿಲಿಳಿಯುವಾಗ ಚೀಲ ಎಡಗೈಯಲ್ಲಿತ್ತು.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಮಕ್ಕಳು ಹೇಳಿಸಿಕೊಳ್ಳದೆಯೇ ಚಾಪೆಗೆ ಹೋಗಿ ಕೂತರು. ದೊಡ್ಡವಳು ಒಂಬತ್ತರ ಮಗ್ಗಿ ಬಿಟ್ಟು ಏಳರದ್ದನ್ನು ಎತ್ತಿಕೊಂಡಳು. ಅವಳು ಒಂದು ಸಾಲು, ಚಿಕ್ಕವನು ಅದೇ ಸಾಲು, ಆಮೇಲೆ ನಾಲ್ಕು ಸೆಕೆಂಡು. ಪಾಳಿ ಅಕ್ಕ ಗೋಡೆಗೊರಗಿ ಕೂತು ಕಣ್ಣು ಮುಚ್ಚಿದಳು. ಏಳಾರ್ಲ ನಲವತ್ತೆರಡಾದ ಮೇಲೆ ಮೌನ ನಾಲ್ಕಕ್ಕೆ ಮುಗಿಯಲಿಲ್ಲ. ಎಂಟಾಯಿತು, ಹತ್ತಾಯಿತು. ಕಣ್ಣು ತೆರೆದು ನೋಡಿದರೆ ಮಕ್ಕಳಿಬ್ಬರೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ಕಿಟಕಿಯ ಬಿಸಿಲಲ್ಲಿ ಬಳಪದ ಪುಡಿ ನಿಧಾನಕ್ಕೆ ಇಳಿಯುತ್ತಿತ್ತು. ಮೂರನೇ ಸ್ಲೇಟಿನಲ್ಲಿ ಏಳು ಸಾಲುಗಳಿದ್ದವು. ಕೊನೆಯದು ನಲವತ್ತೊಂಬತ್ತು, ಅದರ ಮೇಲೆ ಮಾತ್ರ ಮಬ್ಬು ಇರಲಿಲ್ಲ.