ಮಂಗಳವಾರದ ಮಗಳು, ಶುಕ್ರವಾರದ ನರ್ಸು

೧
ಈ ಕಥೆಯನ್ನು ಮಂಗಳವಾರದಿಂದ ಶುರು ಮಾಡಬೇಕೋ ಶುಕ್ರವಾರದಿಂದಲೋ ಗೊತ್ತಾಗುತ್ತಿಲ್ಲ. ಮೊದಲು ಪೀಣ್ಯದ ಕಾರ್ಖಾನೆಯ ಸೈರನ್ನಿನಿಂದ ಶುರು ಮಾಡಿದ್ದೆ. ಚೆನ್ನಾಗಿಯೇ ಕೂಗಿತು, ಆದರೆ ನನಗೆ ಬೇಕಾದವರು ಯಾರೂ ಮನೆಯಿಂದ ಹೊರಗೆ ಬರಲಿಲ್ಲ. ಹೊಡೆದುಹಾಕಿದೆ.

೧ (ಮತ್ತೆ)
ಎಂಬತ್ತಾರನೇ ಇಸವಿ. ಪೀಣ್ಯದ ಆ ಓಣಿಗೆ ಇದ್ದದ್ದು ಒಂದೇ ಟೀವಿ, ವತ್ಸಲಾಳದು. ಧಾರಾವಾಹಿಗಳೆಲ್ಲ ಹಿಂದಿಯಲ್ಲಿ. ಹಿಂದಿ ಪರೀಕ್ಷೆ ಪಾಸು ಮಾಡಿದ್ದವಳೂ ಅವಳೊಬ್ಬಳೇ. ಹಾಗಾಗಿ ಟೀವಿಯ ಪಕ್ಕ ಕೂತು ಎಲ್ಲರಿಗೂ ಕನ್ನಡದಲ್ಲಿ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಎದುರಿಗೆ ಚಾಪೆಯ ಮೇಲೆ, ಅವಳು ಬಾಡಿಗೆಗಿದ್ದ ಮನೆಯ ಒಡತಿ ಚಿಕ್ಕಮುನಿಯಮ್ಮ. (ಅವರ ರಾಗಿ ಹೊಲದಲ್ಲಿ ಈಗ ಲೇತ್ ಮೆಷೀನು ತಿರುಗುತ್ತಿತ್ತು. ಅದು ಬೇರೆ ಕಥೆ. ಇದರೊಳಗೆ ನುಗ್ಗಲು ನೋಡುತ್ತಿದೆ, ಬಿಡುವುದಿಲ್ಲ.)

೨
ಮಂಗಳವಾರದ ಧಾರಾವಾಹಿಯಲ್ಲಿ ಒಬ್ಬ ಹುಡುಗಿ ಮನೆಯವರ ಮಾತು ಮೀರಿ ಮದುವೆಯಾಗಿ ಹೊರಟುಹೋದಳು. ತಾಯಿ ಕದ ಹಾಕಿಕೊಂಡಳು. ಧಾರಾವಾಹಿ ಅಲ್ಲಿಗೇ ಮುಗಿಯಿತು. ಆ ವಾರ ಚಿಕ್ಕಮುನಿಯಮ್ಮ ಸರಿಯಾಗಿ ಉಣ್ಣಲಿಲ್ಲ. ಅವರ ಮಗಳು ಅಂಜಿನಮ್ಮನೂ ಹಾಗೇ ಹೋಗಿ ಆನೇಕಲ್ಲಿನಲ್ಲಿದ್ದಳು. ಮನೆಯಲ್ಲಿ ಯಾರೂ ಆ ಹೆಸರೆತ್ತುತ್ತಿರಲಿಲ್ಲ.

ಆಮೇಲೆ ಶುಕ್ರವಾರ ಹೊಸದೊಂದು ಶುರುವಾಯಿತು, ಆಸ್ಪತ್ರೆಯ ಕಥೆ. ಅದೇ ನಟಿ ನರ್ಸಿನ ವೇಷದಲ್ಲಿ ಬಂದಳು.

“ಅಗೋ ನೋಡು ವತ್ಸಲಮ್ಮ, ನಮ್ ಮಂಗ್ಳಾರದ್ ಉಡ್ಗಿ. ಕೆಲ್ಸುಕ್ ಸೇರ್ಕೊಂಡವ್ಳೆ.”

ಈ ಕಥೆ ಬೇರೆ, ಈಕೆ ಬರೀ ನಟಿ ಎಂದು ಹೇಳಬೇಕಿತ್ತು. ಚಿಕ್ಕಮುನಿಯಮ್ಮನ ಮುಖ ನೋಡಿ ವತ್ಸಲಾ, “ಹೌದು, ಅವಳೇ” ಎಂದುಬಿಟ್ಟಳು.

೩
ಅಲ್ಲಿಂದ ಎರಡು ಧಾರಾವಾಹಿಗಳಿಗೆ ಹೊಲಿಗೆ ಹಾಕುತ್ತಾ ಕೂತಳು. ಡಾಕ್ಟರು ರೌಂಡ್ಸಿಗೆ ಹೋಗಿದ್ದಾರೆ ಎಂದು ನರ್ಸು ಹಿಂದಿಯಲ್ಲಿ ಹೇಳಿದರೆ, ಕನ್ನಡದಲ್ಲಿ ಅದು “ಅಮ್ಮನ ಕೈಸಾರು ನೆನಪಾಗ್ತಿದೆಯಂತೆ” ಎಂದಾಗುತ್ತಿತ್ತು.

“ಯಾವ್ ಸಾರು?”

“ಅವರೇಕಾಳಿಂದು.”

“ಹಿಂದಿಯವರ ಮನೇಲೂ ಅವರೇಕಾಳ್ ಸಾರಾ?” ಪಕ್ಕದ ಮನೆಯ ಸೀತಾ ಮೂತಿ ತಿರುವಿದಳು.

“ನಿಂಗ್ ದಿನಾ ಸಾರ್ ಸಿಕ್ತದಲ್ಲ, ಸುಮ್ಕಿರು,” ಎಂದರು ಚಿಕ್ಕಮುನಿಯಮ್ಮ.

೪
ಒಂದು ಶುಕ್ರವಾರ ರೋಗಿಯೊಬ್ಬ ನರ್ಸಿನ ತಾಯಿಯ ಬಗ್ಗೆ ಕೇಳಿದ. ನನ್ನ ತಾಯಿ ಸತ್ತುಹೋದಳು, ಎಂದಳು ನರ್ಸು.

“ಏನಂದ್ಳು?”

ಇಲ್ಲಿ ನಾನು ಎರಡು ದಾರಿ ಬರೆದೆ. ವತ್ಸಲಾ “ಅಮ್ಮ ಬಂದ್ರೆ ಸಾಕು ಅಂತಾಳೆ” ಎನ್ನುತ್ತಾಳೆ, ಚಿಕ್ಕಮುನಿಯಮ್ಮ ಆನೇಕಲ್ಲಿಗೆ ಹೊರಡುತ್ತಾರೆ. ಅಥವಾ, ಕರೆಂಟು ಹೋಗುತ್ತದೆ.

ವತ್ಸಲಾ ಒಪ್ಪಲಿಲ್ಲ. “ಅಂಜಿನಮ್ಮ ಕದ ತೆಗೀದಿದ್ರೆ? ನೀವು ಬರೆದು ಎದ್ದು ಹೋಗ್ತೀರಿ ಮೇಡಂ. ಇವರ ಮುಖ ದಿನಾ ನೋಡ್ಬೇಕಾದೋಳು ನಾನು.”

“ಕರೆಂಟ್ ತೆಗೀಲಾ?” ಎಂದೆ.

“ಹೇಡಿಗಳು ಹಾಗೆ ಬರೆಯೋದು.”

(ನಿಜ. ಪೀಣ್ಯದಲ್ಲಿ ಕರೆಂಟು ಹೋಗುವುದೂ ನಿಜ.)

ಎರಡನ್ನೂ ಹೊಡೆದುಹಾಕಿದೆ. ವತ್ಸಲಾ ಎದ್ದು ಟೀವಿಯ ದನಿ ತಗ್ಗಿಸಿದಳು.

“ತಾಯಿ ಸತ್ತೋದ್ಳು ಅಂದ್ಳಾ?” ಚಿಕ್ಕಮುನಿಯಮ್ಮನೇ ಕೇಳಿದರು. “ಮಾತ್ ಬರಾಕಿಲ್ಲ ನಂಗೆ. ಮೊಕ ತಿಳೀತದೆ.”

“ಹೂಂ,” ಎಂದಳು ವತ್ಸಲಾ.

ಧಾರಾವಾಹಿ ಮುಗಿದು ಜಾಹೀರಾತು ಬಂತು. ಅದನ್ನೂ ಪೂರ್ತಿ ನೋಡಿ ಚಿಕ್ಕಮುನಿಯಮ್ಮ ಎದ್ದರು. “ಅಂಗಾದ್ರೆ ನಾನ್ ಬದ್ಕಿವ್ನಿ ಅಂತ ಓಗಿ ತೋರುಸ್ಬೇಕು. ನಾಳೀಕೆ ನೀನೂ ಬಾ.”

೫
ಆನೇಕಲ್ಲಿನ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು: “ನಮ್ ಅಂಜಿನೀನೂ ಟೀವಿ ನೋಡ್ತಿದ್ರೆ, ಅವ್ಳಿಗ್ ಯಾರ್ ಏಳ್ತಾರೆ ಕನ್ನಡ್ದಾಗೆ?”

ಮನೆ ಸಿಕ್ಕಿತು. ವತ್ಸಲಾ ಕದ ತಟ್ಟಲು ಮುಂದಾದಾಗ ಚಿಕ್ಕಮುನಿಯಮ್ಮ ಅವಳನ್ನು ಹಿಂದಕ್ಕೆ ಸರಿಸಿದರು. “ಇಲ್ಲಿ ನೀನ್ ಬ್ಯಾಡ. ನಾನೇ ಮಾತಾಡ್ತೀನಿ.”

ಒಳಗಿನಿಂದ ಹೆಣ್ಣುದನಿ ಕೇಳಿತು, “ಯಾರದು?”

ಇದರ ಮುಂದಿನ ಪುಟ ನನ್ನ ಹತ್ತಿರ ಎರಡು ಬಗೆಯಲ್ಲಿದೆ. ವತ್ಸಲಾ ಎರಡನ್ನೂ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

“ಅವರ ಮಾತು ಅವರೇ ಆಡ್ಲಿ ಬಿಡಿ, ಮೇಡಂ.”