ತವರಿಗೆ ನಲವತ್ತು ಮೈಲಿ

ಮೂಗಿನ ತುದಿಗೆ ಒಂದು ಪುಕ್ಕ, ಊದಿದರೂ ಹೋಗದು, ಪುಕ್ಕ ಕೀಳುವ ಎರಡು ಕೈಗೂ ಹೆಬ್ಬಾತಿನ ಜಿಡ್ಡು, ಎದುರು ಕೂತ ನಾದಿನಿ ಡೊರೊತೆಯಾಗೆ ನಗು, ಏನೇ ರಾಹೆಲ್, ಮೀಸೆ ಬಂತಲ್ಲೇ ನಿಂಗೆ — ಬರಲಿ ಮಾರಾಯ್ತಿ, ಮೀಸೆ ಬಂದರೆ ಗಂಡಸರ ಸಭೆಯಲ್ಲಿ ನಾನೂ ಕೈ ಎತ್ತಬಹುದು, ಆ ದಿನ್ನೆಯ ಹೊಲ ಬೇಕೇ ಬೇಕು ಎನ್ನಬಹುದು. ಈ ಪುಕ್ಕ ಯಾರ ದಿಂಬಿಗೋ, ಅಮ್ಮನಿಗೆಂದು ಹೊಲಿದ ದಿಂಬಂತೂ ಪೆಟ್ಟಿಗೆಯ ತಳ ಸೇರಿದೆ, ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ಮಂಚದ ಪಕ್ಕ ಕೂತಿದೆ, ನಮ್ಮದೊಂದೇ ಅಲ್ಲ, ಎಲ್ಲರಿಗೂ ಒಂದೇ ಹೊಲ ಒಂದೇ ಅಡುಗೆಯ ಈ ಕಾಲನಿಯ ಪ್ರತಿ ಮನೆಯಲ್ಲೂ. ಮನೆಗಳು ತುಂಬಿದರೆ ಕಾಲನಿ ಎರಡಾಗಬೇಕು, ಅರ್ಧ ಜನ ಹೊಸ ನೆಲಕ್ಕೆ, ಅರ್ಧ ಜನ ಇಲ್ಲೇ, ಹೋಗುವ ಗುಂಪು ಯಾವುದೆಂದು ಹೊರಡುವ ಬೆಳಿಗ್ಗೆ ಚೀಟಿ ಎತ್ತಿದಾಗಲೇ ತಿಳಿಯುವುದು, ಹಾಗಾಗಿ ಉಳಿಯುವವರೂ ಪೆಟ್ಟಿಗೆ ಕಟ್ಟಬೇಕು, ನಮ್ಮಲ್ಲಿ ಮೊದಲಿಂದ ಹೀಗೇ — ಆದರೆ ನೆಲ ಕೈಗೆ ಬರುವ ಮೊದಲೇ ಯಾರಾದರೂ ಕಟ್ಟುತ್ತಾರೆಯೇ, ಕೋರ್ಟಿನಲ್ಲಿ ಗೆದ್ದೇ ಗೆಲ್ಲುತ್ತೇವೆ ಎಂದು ವಕೀಲ ಅಂದದ್ದೇ ತಡ, ಎಲ್ಲರೂ ಹಗ್ಗ ಹುಡುಕಿದೆವು. ಚೀಟಿಯಲ್ಲಿ ನಮ್ಮ ಗುಂಪೇ ಬರಲಿ ದೇವರೇ, ಹೀಗೆ ಕೇಳುವುದು ಪಾಪ, ಆದರೂ ಬರಲಿ.

ದಿನ್ನೆಯ ಹೊಲ ಮಾರುವವನು ಸಿದ್ಧ, ಕೊಳ್ಳುವ ನಾವು ಸಿದ್ಧ, ನಡುವೆ ಆಲ್ಬರ್ಟಾ ಪ್ರಾಂತ್ಯದ ಕಾನೂನು, ನಮ್ಮ ಹುಟರೈಟ್ ಪಂಥದವರ ಒಂದು ಕಾಲನಿಯಿಂದ ಇನ್ನೊಂದಕ್ಕೆ ನಲವತ್ತು ಮೈಲಿ ಇರಬೇಕಂತೆ, ನಾವೇನು ಸಿಡುಬಿನವರೇ, ಆ ದಿನ್ನೆಯ ಬುಡದಲ್ಲೇ ಇದೆಯಲ್ಲ ನನ್ನ ತವರಿನ ಕಾಲನಿ. ಮದುವೆಯ ಮರುದಿನ ಟ್ರಕ್ಕಿನ ಹಿಂದೆ ಕೂತು ಬಂದವಳು, ಬಾಣಂತನ ಬಿಟ್ಟರೆ ಸಾವು, ಅದಕ್ಕಷ್ಟೇ ಅಮ್ಮನ ಮುಖ. ಮೂರು ಬೇಸಿಗೆಯ ಹಿಂದೆ ಆ ಹೊಲ ನೋಡಲು ಹೊರಟ ನನ್ನ ಗಂಡ ಇಲಿಯಾಸ್, ಬಾವಿ ನೀರು ಅಡುಗೆಗೆ ಒಗ್ಗುತ್ತಾ ನೋಡೋಕೆ ಒಬ್ಬ ಹೆಂಗಸು ಬೇಕು ಅಂತ ಹಿರಿಯರ ಮುಂದೆ ಸುಳ್ಳೇ ಸುಳ್ಳು ಹೇಳಿ ನನ್ನನ್ನೂ ಟ್ರಕ್ಕಿಗೆ ಹತ್ತಿಸಿಕೊಂಡ, ಕಳ್ಳ, ನೀರನ್ನು ಯಾರು ಕುಡಿದರು, ದಿನ್ನೆ ಹತ್ತಿ ನಿಂತೆ — ಕೆಳಗೆ ಬಟ್ಟೆ ತಂತಿ, ನೀಲಿ ಏಪ್ರನ್ನುಗಳು ಗಾಳಿಗೆ ಉಬ್ಬಿವೆ, ತಂತಿಯ ಕೊನೆಗೆ ಒಬ್ಬಳು, ಅಮ್ಮನೇ, ನಿಂತ ಭಂಗಿ ಅಮ್ಮನದೇ, ಕೈ ಎತ್ತಿದೆ, ಅವಳು ಹುಬ್ಬಿನ ಮೇಲೆ ಅಂಗೈ ಇಟ್ಟು ನೋಡಿದಳು. ಟ್ರಕ್ಕಿನ ಹಾರ್ನ್. ಹೊಲ ಮಾರುವವನು ಪಟ್ಟಣದಲ್ಲಿ ಕಾಯುತ್ತಿದ್ದಾನಂತೆ, ಬಾರೇ ಬೇಗ, ಇಲ್ಲೇ ಬಂದಿರ್ತೀಯಲ್ಲ, ಆಮೇಲೆ ದಿನಾ ನೋಡ್ಕೊ ನಿಮ್ಮಮ್ಮನ್ನ, ಎಂದ ಇಲಿಯಾಸ್, ನಗುತ್ತ ಎಂದ, ನಾನೂ ನಗುತ್ತಲೇ ಇಳಿದುಬಿಟ್ಟೆ, ಒಂದು ಸಲ ಕೂಗಬಹುದಿತ್ತು. ಆಮೇಲೆ ಆ ಕಡೆಯಿಂದ ಬಂದ ಯಾರೋ ಹೇಳಿದರು, ನಿಮ್ಮಮ್ಮಂಗೆ ಕಣ್ಣು ಪೂರಾ ಮಂಜು ಕಣೇ, ಎದುರಿಗೆ ನಿಂತರೂ ಯಾರವ್ವ ನೀನು ಅಂತಾಳೆ.

ನಮ್ಮ ಪಾದ್ರಿ ಯಾಕೊಬ್ ಮಾವ ಮೊದಲು ಒಪ್ಪಲೇ ಇಲ್ಲ, ಹೊಡೆದರೆ ಹೊಡೆಸಿಕೊಂಡವರು, ಓಡಿಸಿದರೆ ಓಡಿದವರು ನಾವು, ಕೋರ್ಟು ಮೆಟ್ಟಿಲು ಹತ್ತೋ ಜನವೇನ್ರಪ್ಪಾ — ಹತ್ತಿ ಮಾವ, ಹತ್ತಿ, ಎಂದು ಹೆಂಗಸರ ಸಾಲಿನಲ್ಲಿ ತಲೆವಸ್ತ್ರದೊಳಗೇ ನಾನು ಕೂಗಿದ್ದೆ, ಕೊನೆಗೆ ಹತ್ತಿದರು, ಒಂದು ಕೋರ್ಟು, ಅದರ ಮೇಲೆ ಇನ್ನೊಂದು, ಈಗ ಅದಕ್ಕೂ ಮೇಲಿನದು, ದೇಶದ ರಾಜಧಾನಿ ಒಟ್ಟಾವಾದಲ್ಲಿ — ಟ್ರಕ್ಕು ಬಂತು, ಪುಕ್ಕ ಕೀಳುವವರ ಹಾಡು ನಿಂತಿತು, ಲೆಕ್ಕ ನೋಡುವ ಝಕರಿಯಾಸ್ ಮಾವ ಇಳಿದ, ಬಾಗಿಲು ಹಾಕಲೂ ಇಲ್ಲ, ಅಯ್ಯೋ ಆ ಮುಖ. ಸೋತ್ವಿ. ಧರ್ಮದ ಮಾತೇ ಅಲ್ವಂತೆ, ಬರೀ ನೆಲದ ಮಾತಂತೆ, ಕಾನೂನು ಸರಿಯಾಗಿದೆ ಅಂದ್ಬಿಟ್ರು. ಯಾಕೊಬ್ ಮಾವ ಟೋಪಿ ತೆಗೆದ, ದೇವರ ಚಿತ್ತ, ಉತ್ತರಕ್ಕೆ ಎಲ್ಲಾದ್ರೂ ಹುಡುಕೋಣ, ಹೋಗ್ರಮ್ಮ, ಪೆಟ್ಟಿಗೆ ಬಿಚ್ಚಿ, ಮಕ್ಕಳಿಗೆ ಬೆಚ್ಚನೆ ಅಂಗಿ ಬೇಕು. ಉತ್ತರಕ್ಕೆ, ಇನ್ನೂ ದೂರಕ್ಕೆ. ಮನೆಯಲ್ಲಿ ಇಲಿಯಾಸ್ ನನ್ನ ಕಡೆ ನೋಡಲಾರ, ಪೆಟ್ಟಿಗೆಯ ಹಗ್ಗದ ಗಂಟಿಗೆ ಉಗುರು ಹಾಕುತ್ತಿದ್ದಾನೆ, ಎಷ್ಟು ಬಿಗಿದಿದ್ದೀಯೇ ಇದನ್ನ, ಬಿಗಿದದ್ದು ನಾನೇ, ತಳದಲ್ಲಿ ದಿಂಬಿದೆ, ಅದನ್ನು ಮಾತ್ರ ತೆಗೆಯಬೇಡ, ಇರಲಿ, ತಂತಿಯಲ್ಲಿ ನೀಲಿ ಏಪ್ರನ್ನು, ಅಮ್ಮ ಒಳಗೆ ಹೋದಳೋ, ಇಲ್ಲ, ಯಾರವ್ವ ನೀನು ಎನ್ನುತ್ತ ಅಲ್ಲೇ ನಿಂತಿದ್ದಾಳೆ, ಹುಬ್ಬಿನ ಮೇಲೆ ಅಂಗೈ — ಹುಬ್ಬಿನ ಮೇಲೆ ಅಂಗೈ —